ಮೂರನೆಯ ಬೇಡ

“ಕೋಟೆ ನೋಡುವುದಾದ್ರೆ ನೋಡಿ ಮಾಸ್ಟ್ರೇ, ಯಾರೂ ಹಿಡಿಯುದಿಲ್ಲ. ಆದ್ರೆ ಅದರ ಎದುರು ಧರ್ಣಪ್ಪಣ್ಣನ ಮನೆ ಉಂಟಲ್ಲ, ಆ ಮನೆಯವರು ಮೂರನೇ ಸಲ ‘ಬೇಡ’ ಅನ್ನುವ ಮೊದಲು ಹಿಂದೆ ಬಂದುಬಿಡಿ.”

ಹೇಳಿದವನು ವಾಮದಪದವಿನಲ್ಲಿ ಚಹಾದಂಗಡಿ ಇಟ್ಟುಕೊಂಡಿದ್ದ ಮೂಸಾ. ಕೇಳಿದವನು ಕೃಷ್ಣಕುಮಾರ. ಕೇಳಿ ನಕ್ಕುಬಿಟ್ಟ.

“ಹಾಗಾದ್ರೆ ಎರಡು ಸಲ ಅನ್ನಿಸ್ಕೊಂಡ್ರೆ ಪರವಾಗಿಲ್ಲ ಅನ್ನಿ?”

“ಎರಡಕ್ಕೆ ಏನಿಲ್ಲ.” ಮೂಸಾ ನಗಲಿಲ್ಲ. ಲೋಟ ತೊಳೆಯುವುದನ್ನೂ ನಿಲ್ಲಿಸಿದ. “ಧರ್ಣಪ್ಪಣ್ಣನ ಅಪ್ಪ ಹೊರಗಿನಿಂದ ಬಂದವ. ಆಗ ಅಲ್ಲಿ ಇದ್ದವರು ಅವನಿಗೆ ಮೂರು ಸಲ ಬೇಡ ಅಂದ್ರಂತೆ. ಕೇಳಲಿಲ್ಲ. ಕೋಟೆಯಲ್ಲಿ ಅವನಿಗೆ ಏನೂ ಆಗಲಿಲ್ಲ, ಚಂದದಲ್ಲೇ ಹೊರಗೆ ಬಂದ. ಆದ್ರೆ ಅವನ ಮನೆಯಲ್ಲಿ…” ಮೂಸಾ ಎರಡು ಬೆರಳಿನಿಂದ ತನ್ನ ತುಟಿಗಳನ್ನು ಹಿಡಿದು ಒತ್ತಿ ತೋರಿಸಿದ. “ಅಂದಿನಿಂದ ಆ ಮನೆಯಲ್ಲಿ ಒಬ್ಬರಿಗೆ ಬಾಯಿ ಬರುದಿಲ್ಲ. ನಾನು ಇಷ್ಟೇ ಹೇಳುದು. ಮತ್ತೆ ನಿಮ್ಮ ಇಷ್ಟ.”

ಕೃಷ್ಣಕುಮಾರ ಮೈಸೂರಿನವನು. ಉಜಿರೆಯ ಕಾಲೇಜೊಂದರಲ್ಲಿ ಇತಿಹಾಸ ಕಲಿಸಲು ಬಂದು ಎರಡು ವರ್ಷವಾಗಿತ್ತು. ಆ ಎರಡು ವರ್ಷದಲ್ಲಿ ಒಂದು ಭಾನುವಾರ ಮನೆಯಲ್ಲಿ ಕೂತವನಲ್ಲ. ಗಡಾಯಿಕಲ್ಲಿನ ಕೋಟೆಯನ್ನು ಮೂರು ಸಲ ಹತ್ತಿ ಇಳಿದಿದ್ದ. ಮೂಡಬಿದಿರೆಯ ಚೌಟರ ಅರಮನೆಯ ಕಂಬಗಳನ್ನು ಟೇಪು ಹಿಡಿದು ಅಳೆದಿದ್ದ. ಈ ಸೀಮೆಯ ಕೋಟೆಗಳ ಮೇಲೆ ಒಂದು ಪುಸ್ತಕ ಬರೆಯಬೇಕು, ಅದರಲ್ಲಿ ಇದುವರೆಗೆ ಯಾರೂ ಓದದ ಒಂದು ಶಾಸನವಾದರೂ ಇರಬೇಕು ಎನ್ನುವುದು ಅವನ ಹಟ. ಹೋದಲ್ಲೆಲ್ಲ ಜನ ಏನೇನೋ ಹೇಳಿ ಹೆದರಿಸಿದ್ದರು, ಯಾವುದೂ ಅವನ ಕೂದಲು ಕೊಂಕಿಸಿರಲಿಲ್ಲ. ಹಾಗಾಗಿ ಯಾರಾದರೂ ಬೇಡ ಎಂದರೆ ಅವನ ಕಾಲು ಮುಂದಕ್ಕೇ ಹೋಗುತ್ತಿತ್ತು. ಓದಿದವರ ಹಣೆಬರಹವೇ ಅಷ್ಟು, ಬಿಡಿ.

ಹೆಂಡತಿ ವಾರಿಜಾಕ್ಷಿ ಪುತ್ತಿಗೆಯವಳು. “ಆ ಹಾಳು ಗೋಡೆಗಳಲ್ಲಿ ಏನುಂಟು ಮಾರಾಯ್ರೆ, ಮಗಳ ಮಾತು ಕೇಳಿಕೊಂಡು ಮನೆಯಲ್ಲಿ ಕೂತುಕೊಳ್ಳಿ” ಎನ್ನುತ್ತಿದ್ದಳು.

ಮಗಳ ಮಾತು! ಅದಕ್ಕಾಗಿ ಆ ಇಬ್ಬರು ಪಟ್ಟ ಪಾಡು ಯಾರಿಗೂ ಬೇಡ. ತ್ರಿಪುರಸುಂದರಿ, ಮನೆಯಲ್ಲಿ ಬರೀ ಸುಂದರಿ, ಮೂರೂವರೆ ವರ್ಷದವರೆಗೆ ಒಂದು ಶಬ್ದ ಆಡಿರಲಿಲ್ಲ. ವಾರಿಜಾಕ್ಷಿ ಹರಕೆ ಹೊತ್ತಳು. ಕೃಷ್ಣಕುಮಾರ ಮಂಗಳೂರಿನ ಡಾಕ್ಟರುಗಳ ಬಾಗಿಲು ಬಾಗಿಲಿಗೆ ಮಗುವನ್ನು ಎತ್ತಿಕೊಂಡು ತಿರುಗಿದ. ಅದು ಮಲಗಿದ ಮೇಲೆ ಇಬ್ಬರೂ ಒಬ್ಬರಿಗೊಬ್ಬರು ಕಾಣದ ಹಾಗೆ ಅತ್ತರು. ಕೊನೆಗೆ ಒಂದು ದಿನ ಅಂಗಳದಲ್ಲಿ ನಿಂತು ಅದು “ಬಸ್ಸು” ಅಂದಿತು. ಅಂದದ್ದೇ ಅಂದದ್ದು, ಮತ್ತೆ ಬಾಯಿ ಮುಚ್ಚಿದ್ದಿಲ್ಲ. ಈಗ ಐದು ವರ್ಷ. ನಿದ್ದೆಯಲ್ಲೂ ಮಾತು. ಕಂಡದ್ದನ್ನೆಲ್ಲ ಎಣಿಸುವ ಚಾಳಿ ಬೇರೆ: “ಒಂದು, ಎರಡು, ಮೂರು, ಐದು.” ನಾಲ್ಕು ಎಂದು ಅವಳು ಒಂದು ದಿನವೂ ಹೇಳಿದವಳಲ್ಲ, ತಿದ್ದಹೋದರೆ ಕಾಲು ನೆಲಕ್ಕೆ ಬಡಿಯುತ್ತಿದ್ದಳು. ಆ ಗಿಣಿಗಂಟಲು ಕೇಳಿದರೆ ಕೃಷ್ಣಕುಮಾರನ ಹೊಟ್ಟೆ ತಂಪಾಗುತ್ತಿತ್ತು. ಅವನಿಗೆ ದೇವರು ದಿಂಡರು ಇರಲಿಲ್ಲ. ಆ ಸ್ವರ ಒಂದಿತ್ತು.

ಅದು 1977ರ ಡಿಸೆಂಬರ್. ವಾಮದಪದವಿನಿಂದ ಒಂದು ಗಂಟೆ ನಡೆದರೆ ನೇರಳೆಗುಡ್ಡೆ. ಗುಡ್ಡದ ನೆತ್ತಿಯಲ್ಲಿ ಮುರಕಲ್ಲಿನ ಕೋಟೆ. ಹೆಸರು ಮರೆತುಹೋದ ಯಾವನೋ ಸಣ್ಣ ಅರಸನದು. ಮೂರು ಮಗ್ಗುಲು ಕುಸಿದು ಮುಳ್ಳುಕಂಟಿಯಲ್ಲಿ ಮುಚ್ಚಿಹೋಗಿದ್ದರೂ ಮೂಡಣದ ಬಾಗಿಲು ಮಾತ್ರ ನಿನ್ನೆ ಕಟ್ಟಿದ ಹಾಗೆ ನಿಂತಿತ್ತು. ಬಾಗಿಲು ದಾಟಿದರೆ ನೇರ ಅಂಗಳ ಸಿಗುವುದಿಲ್ಲ. ಶತ್ರುವಿನ ಆನೆಗಳು ನುಗ್ಗದ ಹಾಗೆ ಎರಡು ಕಡೆ ತಿರುವಿದ, ಮೇಲೆ ಮುಚ್ಚಿದ ಓಣಿ. ಹತ್ತು ಹೆಜ್ಜೆ ಹೋದರೆ ಹಗಲಿಲ್ಲ.

ಆ ಬಾಗಿಲಿನ ಎದುರೇ ಧರ್ಣಪ್ಪನ ಮನೆ. ಅರುವತ್ತು ದಾಟಿದ ಮುದುಕ ಜಗಲಿಯಲ್ಲಿ ಕೂತಿದ್ದ. ಅವನ ಪಕ್ಕದಲ್ಲಿ ಹದಿನಾರರ ಮೊಮ್ಮಗಳು ಕುಸುಮ ಮೊರದಲ್ಲಿ ಎಲೆ ಹರಡಿಕೊಂಡು ಬೀಡಿ ಕಟ್ಟುತ್ತಿದ್ದಳು. ಕೃಷ್ಣಕುಮಾರ ಹೆಸರು ಕೇಳಿದ್ದಕ್ಕೆ ಅವಳು ತಲೆ ತಗ್ಗಿಸಿದಳು.

“ಅವಳಿಗೆ ಬಾಯಿ ಬರುದಿಲ್ಲ” ಎಂದ ಧರ್ಣಪ್ಪ. ಬೆಲ್ಲ, ನೀರು ತಂದಿಟ್ಟ. “ಹುಟ್ಟಿನಿಂದಲೇ. ಮೊದಲು ನನ್ನ ತಂಗಿ ಹೀಗೆ ಇದ್ದಳು. ಅವಳು ತೀರಿದ ವರ್ಷ ಹುಟ್ಟಿದವಳು ಇವಳು.”

“ಒಳಗೆ ಏನೋ ಬರೆದ ಕಲ್ಲು ಇದೆಯಂತೆ?”

“ಉಂಟು. ಅದಕ್ಕೆ ಸುಣ್ಣ ಬಳಿದಿದ್ದೇವೆ. ವರ್ಷಕ್ಕೊಮ್ಮೆ ನಾವೇ ಬಳಿಯುದು. ಅಕ್ಷರ ಕಾಣಬಾರದು ಅಂತ.” ಮುದುಕ ನಿಧಾನ ಹೇಳಿದ, ಪುಸ್ತಕ ಓದಿದ ಹಾಗೆ. “ಈ ಕೋಟೆಯಲ್ಲಿ ಅರಸುವಿಗೆ ಒಂದು ಕಳ್ಳದಾರಿ ಇತ್ತಂತೆ. ಕಟ್ಟಿದ ಕಲ್ಲುಕುಟಿಗರು ಅದನ್ನು ಹೊರಗೆ ಹೇಳಬಾರದು ಅಂತ ಮಂತ್ರವಾದಿಯನ್ನು ಕರೆಸಿ ಅವರ ಬಾಯಿ ಕಟ್ಟಿಸಿದ. ಬೇಡ, ಬೇಡ, ಬೇಡ ಅಂತ ಮೂರು ಸಲ ಕಾಲು ಹಿಡಿದ್ರಂತೆ ಪಾಪ. ಕೇಳಲಿಲ್ಲ. ಆ ಮಾಟವನ್ನೇ ಕಲ್ಲಿನಲ್ಲಿ ಬರೆಸಿ ಓಣಿಯ ಗೋಡೆಗೆ ಕೂರಿಸಿದ್ದು.”

ಕೃಷ್ಣಕುಮಾರನ ಎದೆ ಹಾರಿತು. ಹೆದರಿಕೆಗಲ್ಲ, ಖುಷಿಗೆ. ಯಾರೂ ಓದದ ಶಾಸನ! ಚೀಲದಲ್ಲಿ ಅಚ್ಚು ತೆಗೆಯುವ ಕಾಗದ, ಕುಂಚ, ಮಸಿ ಎಲ್ಲ ಇದ್ದವು.

“ಮಕ್ಕಳು ಎಷ್ಟು ಮಾಸ್ಟ್ರೇ?” ಮುದುಕ ಇದ್ದಕ್ಕಿದ್ದ ಹಾಗೆ ಕೇಳಿದ.

“ಒಬ್ಬಳೇ ಮಗಳು. ಐದು ವರ್ಷ. ಬಾಯಿ ಅಂದ್ರೆ ಬಾಯಿ, ಒಂದು ನಿಮಿಷ ಸುಮ್ನಿರಲ್ಲ.”

ಧರ್ಣಪ್ಪ ಮೊಮ್ಮಗಳ ಕಡೆ ನೋಡಿದ. ತುಂಬ ಹೊತ್ತು ನೋಡಿದ. ಆಮೇಲೆ ಎಲೆಯಡಿಕೆ ಉಗಿದು ಬಂದು ಹೇಳಿದ: “ಬೇಡ ಮಾಸ್ಟ್ರೇ. ಕೋಟೆ ನೋಡಿ, ಗೋಡೆ ಅಳೆಯಿರಿ. ಆ ಕಲ್ಲಿನ ಸುದ್ದಿ ಬೇಡ.”

“ಒಂದಾಯ್ತು” ಎಂದು ಕೃಷ್ಣಕುಮಾರ ಬೆರಳು ಮಡಚಿದ. ಚೀಲ ಹೆಗಲಿಗೇರಿಸಿ ಅಂಗಳ ದಾಟಿದ. ಮುದುಕ ಕೋಟೆಯ ಬಾಗಿಲಿನವರೆಗೂ ಹಿಂದೆಯೇ ಬಂದ.

“ಸುಣ್ಣ ಕೆರೆಯುದು ಬೇಡ. ನಾನು ಹೇಳಿದ್ದೇನೆ, ನೆನಪಿರಲಿ.”

“ಎರಡಾಯ್ತು. ಮೂರನೆಯದನ್ನೂ ಹೇಳಿಬಿಡಿ ಯಜಮಾನ್ರೇ, ಒಳಗೆ ಹೋಗೋಕೆ ಹೊತ್ತಾಗತ್ತೆ.”

ಧರ್ಣಪ್ಪನ ಬಾಯಿ ತೆರೆಯಿತು. ಮುಚ್ಚಿತು. ಗಡ್ಡ ನಡುಗುತ್ತಿತ್ತು. ಏನೂ ಹೇಳದೆ ಮುಖ ತಿರುಗಿಸಿಕೊಂಡ. ಪಾಪ, ಅವನಿಗೂ ಮನುಷ್ಯನ ಕರುಳೇ ಇದ್ದದ್ದು. ಅಷ್ಟರಲ್ಲಿ ಮನೆಯಿಂದ ಕುಸುಮ ಓಡಿಬಂದಳು. ಮಡಿಲಲ್ಲಿದ್ದ ಬೀಡಿ ಎಲೆಗಳೆಲ್ಲ ದಾರಿಯಲ್ಲಿ ಚೆಲ್ಲಿದವು. ಬಾಗಿಲಿಗೆ ಅಡ್ಡ ನಿಂತು ಎರಡೂ ಕೈ ಬೀಸಿ, ತಲೆ ಅಲ್ಲಾಡಿಸಿ ಬೇಡ ಎಂದು ತೋರಿಸಿದಳು. ಬಾಯಿಂದ ಬರೀ ಗಾಳಿ ಬಂತು. ಕಣ್ಣಲ್ಲಿ ನೀರಿತ್ತು.

“ಹೆದರ್ಬೇಡಮ್ಮ, ಏನೂ ಆಗಲ್ಲ” ಎಂದು ಕೃಷ್ಣಕುಮಾರ ಅವಳ ಪಕ್ಕದಿಂದ ನುಸುಳಿ ಒಳಗೆ ಹೋದ. ಮುದುಕ ಮೊಮ್ಮಗಳನ್ನು ಬೈಯಲಿಲ್ಲ, ಕರೆಯಲೂ ಇಲ್ಲ. ಮೆಟ್ಟಿಲಲ್ಲಿ ಕುಸಿದು ಕೂತು ಕಣ್ಣು ಮುಚ್ಚಿಕೊಂಡ.

ಓಣಿಯಲ್ಲಿ ಬಾವಲಿಗಳ ಮೂತ್ರದ ನಾತ. ಅದರ ಜೊತೆಗೆ ಇನ್ನೊಂದು ವಾಸನೆ, ಹಸಿ ಸುಣ್ಣದ್ದು, ನಾಲಿಗೆಯ ತುದಿಯಲ್ಲಿ ಚುರುಗುಟ್ಟುವಂಥದ್ದು. ಟಾರ್ಚಿನ ಬೆಳಕಿನಲ್ಲಿ ಎರಡನೆಯ ತಿರುವಿನ ಗೋಡೆ ಬೆಳ್ಳಗೆ ಕಂಡಿತು. ಕೆಂಪು ಮುರಕಲ್ಲಿನ ನಡುವೆ ಎದೆಯೆತ್ತರಕ್ಕೆ ಕೂರಿಸಿದ ಚಪ್ಪಟೆ ಕರಿಕಲ್ಲು, ಅದರ ಮೇಲೆ ವರ್ಷವರ್ಷದ ಸುಣ್ಣ ಪದರ ಪದರವಾಗಿ ಗಟ್ಟಿಯಾಗಿತ್ತು. ಅವನು ಚೂರಿಯಿಂದ ಕೆರೆದ. ಪದರಗಳು ಹಪ್ಪಳದ ಹಾಗೆ ಮುರಿದು ಬಿದ್ದವು. ಕೊನೆಯ ಪದರ ಬಿದ್ದಾಗ ಅಕ್ಷರ ಕಂಡಿತು. ಆರು ಸಾಲು. ಎಂಥ ಅಕ್ಷರ! ನಿನ್ನೆ ಕಡೆದಷ್ಟು ಚೂಪು.

ಹೊರಗೆ ಜೀರುಂಡೆಗಳು ಕಿರ್ರೆನ್ನುತ್ತಿದ್ದವು. ದೂರದ ಗದ್ದೆಯಲ್ಲಿ ಯಾರೋ ಎತ್ತುಗಳಿಗೆ ಹೋಯ್ ಎಂದದ್ದೂ ಕೇಳುತ್ತಿತ್ತು. ಅವನು ಕಲ್ಲಿಗೆ ನೀರು ಚಿಮುಕಿಸಿ ಕಾಗದ ಅಂಟಿಸಿದ. ಕುಂಚದಿಂದ ಬಡಿಯತೊಡಗಿದ. ಟಪ್ ಟಪ್ ಟಪ್. ಒದ್ದೆ ಕಾಗದ ಅಕ್ಷರದ ಹೊಂಡಗಳಿಗೆ ಇಳಿಯುತ್ತಿತ್ತು. ಮೊದಲ ಸಾಲು, ಎರಡನೆಯ ಸಾಲು. ಟಪ್ ಟಪ್. ಸದ್ದು ಸ್ವಲ್ಪ ಕುಗ್ಗಿದಂತಾಯಿತು. ಕೈ ಸೋತಿರಬೇಕು ಎಂದುಕೊಂಡು ಜೋರಾಗಿ ಬಡಿದ. ಮಸಿ ಹಚ್ಚುವ ಹೊತ್ತಿಗೆ ಹೊರಗಿನ ಸದ್ದು ಯಾವುದೂ ಇರಲಿಲ್ಲ. ಎತ್ತಿನವನಿಲ್ಲ. ಜೀರುಂಡೆ ಇಲ್ಲ.

ಅವನು ಕೆಮ್ಮಿದ. ಎದೆ ಅದುರಿತು. ಸದ್ದು ಬರಲಿಲ್ಲ.

ಚೂರಿ ಕೈತಪ್ಪಿ ನೆಲಕ್ಕೆ ಬಿತ್ತು. ಕಲ್ಲಿನ ನೆಲ, ಕಬ್ಬಿಣದ ಚೂರಿ. ಸದ್ದಿಲ್ಲ. ಅವನು ಕಿವಿ ಉಜ್ಜಿಕೊಂಡ. ಚಪ್ಪಾಳೆ ತಟ್ಟಿದ. ಇಲ್ಲ. ಧರ್ಣಪ್ಪಾ ಎಂದು ಗಂಟಲು ಹರಿಯುವ ಹಾಗೆ ಕೂಗಿದ. ಇಲ್ಲ. ತಲೆಯ ಮೇಲೆ ನೂರಾರು ಬಾವಲಿಗಳು ಎದ್ದು ರೆಕ್ಕೆ ಬಡಿದವು. ಗಾಳಿ ಮುಖಕ್ಕೆ ಹೊಡೆಯಿತು. ಸದ್ದಿಲ್ಲ.

ಆಗ ಕೇಳಿತು. ಕಾಗದದ ಹಿಂದೆ. ಕಲ್ಲಿನ ಒಳಗೆ.

“ಒಂದು.”

ಅವನು ಗೋಡೆಗೆ ಅಂಟಿ ನಿಂತ.

“ಎರಡು. ಮೂರು.”

ಬೇಡ, ಬೇಡ, ನಾಲ್ಕು ಅನ್ನು. ಯಾರಾದರೂ ಆಗಿರು, ನಾಲ್ಕು ಅನ್ನು.

“ಐದು.”

ಅವನು ಓಡಿದ. ಹೆಗಲು ಗೋಡೆಗೆ ತರಚಿತು. ಒಂದು ತಿರುವು. ಇನ್ನೊಂದು ತಿರುವು. ಬೆಳಕು. ಬಾಗಿಲಿನ ಬಿಸಿಲು ಕಾಲಿಗೆ ತಾಗಿದ್ದೇ ತಡ, ಜೀರುಂಡೆಗಳ ಗಲಾಟೆ ಕಿವಿಗೆ ಅಪ್ಪಳಿಸಿತು. ಕೆಮ್ಮಿ ನೋಡಿದ. ಕೇಳಿತು. “ಸುಂದರಿ” ಎಂದ. ಕೇಳಿತು. ಎದೆ ಹಿಡಿದುಕೊಂಡು ಹೋ ಎಂದು ನಕ್ಕ. ಉಸಿರು ಕಟ್ಟುವ ಓಣಿ, ಬಾವಲಿಗಳ ನಾತ, ತಲೆ ತಿರುಗಿದೆ. ಕಿವಿ ಗುಯ್ಗುಟ್ಟಿದರೆ ಏನು ಬೇಕಾದರೂ ಕೇಳುತ್ತದೆ. ಮನೆಯ ನೆನಪು, ಮಗಳ ದನಿ. ಅಷ್ಟೇ.

ಅಲ್ಲಿಗೇ ಮನೆಗೆ ಹೋಗಿದ್ದರೆ ಈ ಕತೆ ಇರುತ್ತಿರಲಿಲ್ಲ. ಕಾಗದ ಇನ್ನೂ ಕಲ್ಲಿನ ಮೇಲೆಯೇ ಇತ್ತು. ಒಣಗಿದರೆ ಹರಿದುಹೋಗುತ್ತದೆ, ಇಡೀ ದಿನದ ಕೆಲಸ ಹಾಳು. ಮಗಳ ಸ್ವರವನ್ನು ಕಲ್ಲಿನೊಳಗಿಂದ ಕೇಳಿದ ಮನುಷ್ಯ, ಎರಡು ನಿಮಿಷ ಬಿಸಿಲು ಕಾಯಿಸಿಕೊಂಡು, ಬಾಯಿಗೆ ಕರವಸ್ತ್ರ ಕಟ್ಟಿ, ಪುನಃ ಒಳಗೆ ಹೋದ. ಥೂ! ಈಗ ಓಣಿಯಲ್ಲಿ ಎಲ್ಲ ಸರಿಯಿತ್ತು. ಹೆಜ್ಜೆಯ ಸದ್ದು ಕೇಳುತ್ತಿತ್ತು, ಬಾವಲಿಗಳು ಚಿರಗುಟ್ಟುತ್ತಿದ್ದವು. ಅವನು ಕಾಗದವನ್ನು ಮೆಲ್ಲಗೆ ಬಿಡಿಸಿ ತಂದ.

ಅಂಗಳದಲ್ಲಿ ಕುಸುಮ ಇರಲಿಲ್ಲ. ಮನೆಯ ಬಾಗಿಲು ಹಗಲಲ್ಲೇ ಮುಚ್ಚಿತ್ತು.

ಸಂಜೆ ಉಜಿರೆಯಲ್ಲಿ ಬಸ್ಸಿಳಿದು ಮನೆಗೆ ಬಂದಾಗ ಸುಂದರಿ ಎಂದಿನಂತೆ ಗೇಟಿನವರೆಗೆ ಓಡಿಬಂದಳು. ಕೈ ಹಿಡಿದು ಎಳೆದಳು. ಬಾಯಿ ಆಡುತ್ತಲೇ ಇತ್ತು. ದಿನದ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು. ಬೆಕ್ಕಿನ ಹಾಗೆ ಕೈ ಬಾಗಿಸಿ ತೋರಿಸಿದಳು, ನಕ್ಕಳು, ಅಪ್ಪ ನಗದೇ ಇದ್ದುದಕ್ಕೆ ಸಿಟ್ಟಾಗಿ ಕಾಲು ಬಡಿದಳು. ಸ್ವರ ಇರಲಿಲ್ಲ. ಅದು ಹೋಗಿದೆ ಎನ್ನುವುದು ಆ ಮಗುವಿಗೆ ಇನ್ನೂ ಅರ್ಥವಾಗಿರಲಿಲ್ಲ.

ವಾರಿಜಾಕ್ಷಿ ಬಾಗಿಲಿಗೆ ಒರಗಿ ನಿಂತಿದ್ದಳು. ಅತ್ತು ಅತ್ತು ಮುಖ ಬಾತುಹೋಗಿತ್ತು.

“ಊಟಕ್ಕೆ ಬಡಿಸುತ್ತಾ ಇದ್ದೆ. ಹಪ್ಪಳ ಎಣಿಸುತ್ತಾ ಇದ್ದಳು. ಐದು ಅಂದಳು. ಅಷ್ಟೇ ಮಾರಾಯ್ರೆ, ಮತ್ತೆ ಇಲ್ಲ. ಡಾಕ್ಟರು ನೋಡಿದ್ರು. ಗಂಟಲಲ್ಲಿ ಏನೂ ಇಲ್ಲ ಅಂತಾರೆ.”

ಕೃಷ್ಣಕುಮಾರ ಕೋಣೆಗೆ ಹೋಗಿ ಅಗುಳಿ ಹಾಕಿ ಕಾಗದ ಬಿಡಿಸಿದ. ಕೊನೆಯ ಎರಡು ಸಾಲು ಓದಲು ಹೆಚ್ಚು ಕಷ್ಟವಿರಲಿಲ್ಲ: ‘ಬೇಡೆಂದು ಮೂವೇಳೆ ತಡೆದುದ ಮೀರಿ ಈ ಅಕ್ಷರವ ಕೊಂಡೊಯ್ದವನ ಮನೆಯ ನುಡಿ ಈ ಕೋಟೆಗೆ ಸಲುವುದು.’

ಅವನು ಕಾಗದಕ್ಕೆ ಬೆಂಕಿ ಕೊಟ್ಟ. ಪೂರ್ತಿ ಬೂದಿಯಾಯಿತು. ಹೊರಗೆ ಬಂದು ನೋಡಿದ. ಸುಂದರಿ ತಾಯಿಯ ಮಡಿಲಲ್ಲಿ ಕೂತು ಬಾಯಿ ತೆರೆದು ಅಳುತ್ತಿದ್ದಳು, ಮನೆಯಲ್ಲಿ ಗಡಿಯಾರದ ಸದ್ದು ಮಾತ್ರ ಇತ್ತು.

ಮರುದಿನ ಮೊದಲ ಬಸ್ಸಿಗೆ ಹೊರಟ. ಮೂಸಾನ ಅಂಗಡಿಯ ಎದುರು ತಲೆ ಎತ್ತದೆ ದಾಟಿದ. ನೇರಳೆಗುಡ್ಡೆಯ ಏರು ಹತ್ತುವಾಗಲೇ ಧರ್ಣಪ್ಪನ ಜಗಲಿಯಿಂದ ಮಗುವಿನ ಸ್ವರ ಕೇಳಿಸಿತು. ಅವನ ಮಗಳ ಗಿಣಿಗಂಟಲು. ಅವನು ಎದ್ದು ಬಿದ್ದು ಓಡಿದ.

ಜಗಲಿಯಲ್ಲಿ ಕುಸುಮ ಬೀಡಿ ಕಟ್ಟು ಮಾಡುತ್ತಿದ್ದಳು. “ಒಂದು, ಎರಡು, ಮೂರು, ಐದು” ಎಂದು ಎಣಿಸಿದಳು. ಅವನನ್ನು ಕಂಡು ಕೈಯ ಬೀಡಿ ಕೆಳಗೆ ಬಿತ್ತು. ಹದಿನಾರರ ಹುಡುಗಿ ಐದರ ಮಗುವಿನ ದನಿಯಲ್ಲಿ ಅತ್ತಳು. “ನಾನು ಬೇಡ ಅಂದೆ. ನಾನು ನಿಮಗೆ ಬೇಡ ಅಂತಲೇ ಹೇಳಿದ್ದು.”

ಕೃಷ್ಣಕುಮಾರ ಮುದುಕನ ಕಾಲು ಹಿಡಿದ. ಆ ಮೈಸೂರಿನ ವಿಚಾರವಾದಿ ಸಗಣಿ ಸಾರಿಸಿದ ನೆಲಕ್ಕೆ ಹಣೆ ಹಚ್ಚಿ ಗೋಗರೆದ.

“ವಾಪಸ್ ಕೊಡ್ಸಿ ಯಜಮಾನ್ರೇ. ಕಾಗದ ಸುಟ್ಟಿದ್ದೀನಿ. ಆ ಕಲ್ಲನ್ನೇ ಒಡೆದು ಹಾಕ್ತೀನಿ.”

“ನನ್ನ ಅಪ್ಪ ಒಡೆಯಲಿಕ್ಕೆ ನೋಡಿದ್ದಾನೆ. ಆ ಕಲ್ಲಿಗೆ ಏನೂ ಆಗುದಿಲ್ಲ.” ಧರ್ಣಪ್ಪ ಅವನ ಮುಖ ನೋಡಲಿಲ್ಲ. “ಕೋಟೆ ಹೊಸ ಮನೆಯ ಸ್ವರ ತೆಗೆದು ಹಳೆಯ ಮನೆಗೆ ಬಿಡ್ತದೆ. ಮನೆಯವರು ಮೂರು ಸಲ ಬೇಡ ಅನ್ನಬೇಕು. ಬಾಯಲ್ಲಿ ಆದ್ರೂ ಆಯಿತು, ಕೈಯಲ್ಲಿ ಆದ್ರೂ ಆಯಿತು. ಮತ್ತೆ ಬಂದವನೇ ಸುಣ್ಣ ಕೆರೆದು ಅಕ್ಷರ ಹೊತ್ತುಕೊಂಡು ಹೋಗಬೇಕು. ನಲುವತ್ತು ವರ್ಷ ಕಾದಿದ್ದೇನೆ ಮಾಸ್ಟ್ರೇ. ಈ ಊರಿನವರು ಒಂದನೇ ಬೇಡಕ್ಕೇ ಓಡ್ತಾರೆ. ಎರಡು ದಾಟಿದವರು ನೀವೇ.”

“ನಾನೀಗ ಏನ್ ಮಾಡ್ಲಿ?”

“ಸುಣ್ಣ ಬಳಿಯಿರಿ” ಎಂದ ಮುದುಕ. “ಮನೆ ಬಿಟ್ಟು ಕೊಡ್ತೇನೆ. ಕಾಯಿರಿ.”

ಕೃಷ್ಣಕುಮಾರ ಕಾದ. ಮೈಸೂರು, ಬೆಂಗಳೂರು, ಎಲ್ಲ ಆಸ್ಪತ್ರೆಗಳನ್ನು ಮುಗಿಸಿದ ಮೇಲೆ, ಕೆಲಸ ಬಿಟ್ಟು, ಹೆಂಡತಿ ಮಗಳನ್ನು ಕರೆದುಕೊಂಡು ಕೋಟೆಯ ಎದುರಿನ ಮನೆಗೆ ಬಂದ. ಸ್ವರ ಹೋದ ಜಾಗದಲ್ಲಿ ಇದ್ದರೆ ಎಂದಾದರೂ ಹಿಂದೆ ಬರುತ್ತದೆ ಎಂದಷ್ಟೇ ಅವರಿಗೆ ಹೇಳಿದ. ಮೂರು ಬೇಡಗಳ ಲೆಕ್ಕ ಹೇಳಲಿಲ್ಲ. ವಾರಿಜಾಕ್ಷಿ ಒಂದೂ ಪ್ರಶ್ನೆ ಕೇಳಲಿಲ್ಲ; ಅವನ ಜೊತೆ ಮಾತಾಡುವುದನ್ನೇ ಅವಳು ಹೆಚ್ಚುಕಡಿಮೆ ಬಿಟ್ಟಿದ್ದಳು. ಕುಸುಮಳಿಗೆ ಮದುವೆಯಾಯಿತು. ಎರಡು ಮಕ್ಕಳ ತಾಯಿಯಾದರೂ ಅವಳ ಸ್ವರ ಐದು ವರ್ಷದ್ದೇ, ಗಂಡನ ಮನೆಯವರು ನಗುತ್ತಾರೆ ಎಂದು ಮೂಸಾ ಹೇಳಿದ. ಕೃಷ್ಣಕುಮಾರ ಒಮ್ಮೆ ಅವಳ ಊರಿಗೆ ಹೋಗಿ, ಬೇಲಿಯಾಚೆ ನಿಂತು, ಅವಳು ದನ ಕರೆಯುವುದನ್ನು ಕೇಳಿ ಬಂದ.

ವರ್ಷ ವರ್ಷ ಕಲ್ಲಿಗೆ ಸುಣ್ಣ ಬಳಿದ. ಓಣಿಯ ಗೂಡಿನಲ್ಲಿ, ಕೈಗೆ ಸಿಗುವ ಹಾಗೆ, ಒಂದು ಚೂರಿ ಇಟ್ಟ. ವಾರಪತ್ರಿಕೆ ಒಂದಕ್ಕೆ ಲೇಖನ ಬರೆದ: ‘ನೇರಳೆಗುಡ್ಡೆಯ ಕೋಟೆ ಮತ್ತು ಓದದೆ ಉಳಿದ ಶಾಸನ.’ ಚಂದದ ಲೇಖನ, ಓದಿದವರಿಗೆ ಹೊರಟುಬಿಡೋಣ ಎನಿಸಬೇಕು. ಇಬ್ಬರು ಬಂದರು. ಒಬ್ಬನಿಗೆ ಮಕ್ಕಳಿರಲಿಲ್ಲ, ಕೃಷ್ಣಕುಮಾರ ಚಹಾ ಕೊಟ್ಟು ಕಳಿಸಿದ. ಇನ್ನೊಬ್ಬ ಮೊದಲನೆಯ ಬೇಡಕ್ಕೇ ಕ್ಯಾಮೆರಾ ಮುಚ್ಚಿದ.

1986ರ ಫೆಬ್ರವರಿಯಲ್ಲಿ ಪರಮೇಶ್ವರ ಬಂದ. ಆ ಹೊತ್ತಿಗೆ ಗುಡ್ಡದ ಮೇಲಿನವರೆಗೆ ಮಣ್ಣಿನ ರಸ್ತೆಯಾಗಿತ್ತು. ವಾರಿಜಾಕ್ಷಿ ಪುತ್ತಿಗೆಗೆ ಹೋಗಿದ್ದಳು. ಬಿಳಿ ಫಿಯೆಟ್ ಕಾರು ಏದುಸಿರು ಬಿಡುತ್ತಾ ಅಂಗಳದ ಕೆಳಗೇ ಬಂದು ನಿಂತಿತು. ಬೆಂಗಳೂರಿನ ಪತ್ರಿಕೆಯ ಫೋಟೋಗ್ರಾಫರು, ಉತ್ಸಾಹದ ಬುಗ್ಗೆ. ಕಾರಿನಲ್ಲಿ ಹೆಂಡತಿ, ಅವಳ ತೊಡೆಯ ಮೇಲೆ ನಾಲ್ಕು ವರ್ಷದ ಮಗ. ಮಗ ತಾನೇ ಕಟ್ಟಿದ ಏನೋ ಒಂದು ಪದ ಹಾಡುತ್ತಿದ್ದ: “ಕಾರು ಬಂತು, ಕೋಳಿ ಓಡ್ತು, ಕಾರು ಬಂತು, ಕೋಳಿ ಓಡ್ತು.” ಹದಿಮೂರರ ಸುಂದರಿ ಅವನಿಗೆ ಪೇರಳೆ ಹಣ್ಣು ಕೊಯ್ದು ಕೊಟ್ಟಳು. ಅವನು ಅದನ್ನು ಕಚ್ಚುತ್ತಲೇ ಹಾಡಿದ. ಅವಳು ಅವನ ಬಾಯಿಯನ್ನೇ ನೋಡುತ್ತಾ ನಿಂತಳು.

“ಒಬ್ಬನೇ ಮಗನಾ?” ಎಂದು ಕೇಳಿದ ಕೃಷ್ಣಕುಮಾರ.

“ಒಬ್ಬನೇ ಸಾರ್. ರೇಡಿಯೋ ಥರ, ಆಫ್ ಮಾಡೋಕೇ ಆಗಲ್ಲ.”

ಕೃಷ್ಣಕುಮಾರ ಬೆಲ್ಲ, ನೀರು ಇಟ್ಟ. ಎಂಟು ವರ್ಷದಿಂದ ಬಾಯಲ್ಲಿ ಹದ ಮಾಡಿಟ್ಟುಕೊಂಡಿದ್ದ ಶಬ್ದ ಹೊರಗೆ ಬಂತು. “ಬೇಡ. ಕೋಟೆ ನೋಡಿ. ಆ ಕಲ್ಲು ಬೇಡ.”

“ಅಯ್ಯೋ, ನೀವೇ ಬರೆದು ನೀವೇ ಬೇಡ ಅಂದ್ರೆ ಹೇಗೆ ಸಾರ್!” ಅವನು ನಕ್ಕು ಅಂಗಳ ದಾಟಿದ. ಕೃಷ್ಣಕುಮಾರ ಹಿಂಬಾಲಿಸಿದ. ಬಾಗಿಲಿನಲ್ಲಿ ಎರಡನೆಯದನ್ನು ಹೇಳಿದ. “ಫೋಟೋ ತೆಗೆಯೋದು ಬೇಡ.”

ಪರಮೇಶ್ವರ ಕ್ಯಾಮೆರಾಕ್ಕೆ ಫ್ಲ್ಯಾಷ್ ಸಿಕ್ಕಿಸುತ್ತಾ ಕಣ್ಣು ಮಿಟುಕಿಸಿದ. ಕೆಳಗಿನಿಂದ ಮಗು ಕೂಗಿತು. “ಅಪ್ಪಾ, ನಂಗೂ ಒಂದು ಬಾವಲಿ ತಾ!”

ಆ ಸ್ವರ ಕೇಳಿ ಕೃಷ್ಣಕುಮಾರ ಕಾರಿನ ಕಡೆ ನೋಡಿದ. ಇನ್ನೊಂದು ಶಬ್ದ. ಎರಡೇ ಅಕ್ಷರ. ಬಾಯಿ ತೆರೆದ. ಆಗಲಿಲ್ಲ. ಛೆ, ಆಗಲೇ ಇಲ್ಲ. ಅಂದು ಧರ್ಣಪ್ಪನ ಗಡ್ಡ ಯಾಕೆ ನಡುಗಿತು ಎಂದು ಈಗ ಗೊತ್ತಾಯಿತು. ಸಾಕು, ಹೋಗಲಿ, ತನ್ನ ಪಾಪ ತನಗೇ ಇರಲಿ. ಮೂರನೆಯದನ್ನು ಹೇಳುವುದಿಲ್ಲ ಎಂದು ಗಟ್ಟಿ ಮಾಡಿ ಅವನು ಮುಖ ತಿರುಗಿಸಿಕೊಂಡ.

ಹಿಂದಿನಿಂದ ದಡಬಡ ಹೆಜ್ಜೆ ಕೇಳಿಸಿತು. ಸುಂದರಿ.

ಅವಳಿಗೆ ಲೆಕ್ಕ ಗೊತ್ತಿರಲಿಲ್ಲ. ಈ ಓಣಿ ತನ್ನ ಸ್ವರ ತಿಂದಿದೆ ಎನ್ನುವುದಷ್ಟೇ ಗೊತ್ತಿತ್ತು. ಕಾರಿನಲ್ಲಿ ಹಾಡುವ ಒಂದು ಮಗು ಇದೆ ಎನ್ನುವುದು ಗೊತ್ತಿತ್ತು. ಅವಳು ಓಡಿಬಂದು ಬಾಗಿಲಿಗೆ ಅಡ್ಡ ನಿಂತಳು. ಎರಡೂ ಕೈ ಎತ್ತಿದಳು.

“ಸುಂದರೀ!” ಕೃಷ್ಣಕುಮಾರ ಹಾರಿ ಅವಳ ಕೈ ಹಿಡಿಯಲು ಹೋದ. ತಡವಾಗಿತ್ತು. ಅವಳು ಕೈ ಬೀಸಿದಳು. ತಲೆ ಅಲ್ಲಾಡಿಸಿದಳು. ಬೇಡ, ಬೇಡ ಎಂದು ತುಟಿ ಆಡಿತು.

“ಪಾಪ, ಮಗು ಹೆದರಿದೆ” ಎಂದ ಪರಮೇಶ್ವರ. ಅವಳ ತಲೆ ಸವರಿ, ಪಕ್ಕದಿಂದ ನುಸುಳಿ ಒಳಗೆ ಹೋದ.

ಎಳೆದು ತರಬಹುದಿತ್ತು. ಕೃಷ್ಣಕುಮಾರ ಮೂರು ಹೆಜ್ಜೆ ಒಳಗೆ ಓಡಿದ. ಕತ್ತಲೆಯಿಂದ ಸುಣ್ಣ ಕೆರೆಯುವ ಸದ್ದು ಬಂತು. ಚೂರಿ ಸಿಕ್ಕಿದೆ. ಇನ್ನು ಹದಿನೈದು ಹೆಜ್ಜೆ. ಹಿಂತಿರುಗಿ ಮಗಳನ್ನು ನೋಡಿದ. ಬಿಸಿಲಲ್ಲಿ ನಿಂತು ಕಣ್ಣೀರು ಸುರಿಸುತ್ತಾ ಸ್ವರವಿಲ್ಲದೆ ಕೂಗುತ್ತಿದ್ದಳು. ಎಂಟು ವರ್ಷ. ಅವನ ಕಾಲು ನಿಂತಿತು. ಯಾರೂ ಹಿಡಿದು ನಿಲ್ಲಿಸಲಿಲ್ಲ, ಯಾವ ಮಾಟವೂ ಅಲ್ಲ. ಅವನೇ ನಿಂತ.

ಕೆರೆಯುವ ಸದ್ದು ಕುಗ್ಗಿತು. ಇನ್ನೂ ಕುಗ್ಗಿತು. ನಿಂತಿತು. ಜೀರುಂಡೆಗಳು ನಿಂತವು. ಓಣಿಯ ತಿರುವಿನಲ್ಲಿ ಬೆಳ್ಳನೆಯ ಬೆಳಕು ಒಮ್ಮೆ ಮಿಂಚಿ ಆರಿತು.

ಕೆಳಗೆ ಕಾರಿನಲ್ಲಿ “ಕಾರು ಬಂತು, ಕೋಳಿ” ಎನ್ನುತ್ತಿದ್ದ ಹಾಡು ಅಲ್ಲಿಗೇ ತುಂಡಾಯಿತು.

“ಬೇಡ” ಎಂದಿತು ಅವನ ಬೆನ್ನ ಹಿಂದೆ ಒಂದು ಪುಟ್ಟ ಗಂಡುಮಗುವಿನ ಸ್ವರ. “ಬೇಡ, ಬೇಡ, ಒಳಗೆ ಹೋಗ್ಬೇಡಿ—”

ಸುಂದರಿ ತನ್ನ ಬಾಯಿಯನ್ನು ಎರಡೂ ಕೈಯಿಂದ ಮುಚ್ಚಿಕೊಂಡಳು.

ಕಾರಿನ ಕಿಟಕಿಯಿಂದ ತಾಯಿ ಮಗನನ್ನು ಕೇಳುವುದು ಮೇಲಿನವರೆಗೂ ಕೇಳಿಸಿತು. “ಯಾಕೋ ಪುಟ್ಟ ನಿಲ್ಲಿಸಿಬಿಟ್ಟೆ? ಹಾಡು, ಅಪ್ಪ ಬರೋವರೆಗೂ ಹಾಡು.”